ಪ್ಲ್ಯಾನ್ ಕ್ಯಾನ್ಸಲ್ ಮಾಡುವ ಇಂಗ್ಲಿಷ್: ಚೀನೀ ಭಾಷಿಕರಿಗೆ ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚೀನೀ ಮಾತಾಡುವವರಿಗೆ ನಾನು ಕೆಲವು ವರ್ಷಗಳಿಂದ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ದೊಡ್ಡ ದೊಡ್ಡ ವ್ಯಾಕರಣವನ್ನೆಲ್ಲ ಗೆದ್ದು ಬಂದವರು ಕೂಡ ಒಂದು ಚಿಕ್ಕ ಕೆಲಸದಲ್ಲಿ ಎಡವುತ್ತಾರೆ. ಒಪ್ಪಿಕೊಂಡಿದ್ದ ಕಾರ್ಯಕ್ರಮಕ್ಕೆ ಬರಲಾಗುವುದಿಲ್ಲ ಅಂತ ಹೇಳುವ ಕೆಲಸ. ಕೆಳಗಿನ ಪ್ರಶ್ನೆಗಳು ನನ್ನ ಹಾಗೇ ಕಲಿಸುವ ಕನ್ನಡಿಗರಿಂದ ಬಂದವು. ಕೆಲವು, ಶೆನ್‌ಜೆನ್, ಶಾಂಘೈ, ಸಿಂಗಾಪುರದವರ ಜೊತೆ ದಿನಾ ಕಾಲ್‌ನಲ್ಲಿ ಕೂರುವ ಬೆಂಗಳೂರಿನ ಗೆಳೆಯರಿಂದ.

ಇಲ್ಲಿ ಚೀನೀ ಅಂದರೆ ಮ್ಯಾಂಡರಿನ್. ಅದರ ಪದಗಳನ್ನು ಕನ್ನಡ ಲಿಪಿಯಲ್ಲಿ ಅಂದಾಜಿಗೆ ಬರೆದಿದ್ದೇನೆ. ದನಿಯ ಏರಿಳಿತ ನಮ್ಮ ಅಕ್ಷರಗಳಲ್ಲಿ ಸಿಗುವುದಿಲ್ಲ. ಇದನ್ನು ಓದಿ ನೇರ ಹೋಗಿ ಚೀನಿಯರ ಮುಂದೆ ಪ್ರಯೋಗ ಮಾಡಬೇಡಿ.

'ಕ್ಯಾನ್ಸಲ್' ಒಂದೇ ಸಾಲದೇ? ಇಷ್ಟೊಂದು ಪದ ಯಾಕೆ ಕಲಿಸಬೇಕು?

ಹೊಟ್ಟೆಪಾಡಿಗೆ ಸಾಕು. ಆದರೆ ಎದುರಿನವರು ಹೇಳಿದ್ದು ಅರ್ಥವಾಗಬೇಕಲ್ವಾ?

ನಾಲ್ಕು ಜನ ಗೆಳೆಯರು ಭಾನುವಾರ ಊಟಕ್ಕೆ ಸೇರಬೇಕಿತ್ತು ಅಂತಿಟ್ಟುಕೊಳ್ಳಿ. ಊಟ ನಡೆಯಲಿಲ್ಲ. ಕರೆದವರೇ ಬೇಡ ಅಂದರೆ ಕಾಲ್ ಆಫ್. ಮುಂದಿನ ವಾರಕ್ಕೆ ಹೋದರೆ ಪೋಸ್ಟ್‌ಪೋನ್. ಒಬ್ಬ ಮಾತ್ರ ಹಿಂದೆ ಸರಿದರೆ ಬ್ಯಾಕ್ ಔಟ್. ಕೊನೇ ಗಳಿಗೆಯಲ್ಲಿ ಮೆಸೇಜ್ ಹಾಕಿ ಜಾರಿಕೊಂಡರೆ ಬೇಲ್. ಮೆಸೇಜೂ ಇಲ್ಲ, ಮನುಷ್ಯನೂ ಇಲ್ಲ ಅಂದರೆ ನೋ-ಶೋ. ಹೋಟೆಲಿನಲ್ಲಿ ಜಾಗ ಸಿಗದೆ ತಾನಾಗೇ ಬಿದ್ದುಹೋದರೆ ಫಾಲ್ ಥ್ರೂ.

ಅಂದರೆ ಇಂಗ್ಲಿಷ್ ಮೂರು ವಿಷಯ ಕೆದಕುತ್ತದೆ. ನಿಲ್ಲಿಸಿದ್ದು ಯಾರು? ಪೂರ್ತಿ ನಿಂತಿತೋ, ಇನ್ನೊಂದು ದಿನ ಉಂಟೋ? ಮೊದಲೇ ಹೇಳಿದರೋ ಇಲ್ಲವೋ? ಚೀನೀ ಭಾಷೆಯಲ್ಲಿ ಇವನ್ನು ಹೇಳದೆ ದಾಟಿಬಿಡಬಹುದು. ದಿನಬಳಕೆಯ 'ಚ್ಯು-ಶ್ಯಾವ್' ಅಂದರೆ ರದ್ದು, ಅಷ್ಟೆ. ಯಾರು ಮಾಡಿದರು ಅನ್ನುವುದು ಗಾಳಿಯಲ್ಲೇ ಉಳಿಯುತ್ತದೆ. ಎಷ್ಟೋ ಸಲ ಅದು ಹಾಗೆ ಉಳಿಯುವುದೇ ಮರ್ಯಾದೆ. ನಾನು ಪದಪಟ್ಟಿ ಕೊಡುವುದಿಲ್ಲ. ಈ ಮೂರು ಪ್ರಶ್ನೆ ಕೇಳಿಕೊಳ್ಳಿ ಅನ್ನುತ್ತೇನೆ. ಉತ್ತರ ಸಿಕ್ಕರೆ ಪದ ತಾನೇ ಸಿಗುತ್ತದೆ.

'ಕಾಲ್ ಆಫ್'ಗೂ 'ಕ್ಯಾನ್ಸಲ್'ಗೂ ಏನು ವ್ಯತ್ಯಾಸ?

ನಡೆಯಬೇಕಿದ್ದ ಸಂಗತಿಯನ್ನು ಕಾಲ್ ಆಫ್ ಮಾಡಬಹುದು. ಮದುವೆ, ಮ್ಯಾಚು, ಮುಷ್ಕರ, ಪ್ರವಾಸ, ಕಾಣೆಯಾದವರ ಹುಡುಕಾಟ. ಟಿಕೆಟ್, ಆರ್ಡರ್, ಹೋಟೆಲ್ ಬುಕಿಂಗ್, ಜಿಮ್ಮಿನ ಸದಸ್ಯತ್ವ ಇವಕ್ಕೆ ಕ್ಯಾನ್ಸಲ್ ಮಾತ್ರ. ಚೀನಿಯರಿಗೆ ಎರಡೂ ಚ್ಯು-ಶ್ಯಾವ್. ಹಾಗಾಗಿ 'ಐ ಕಾಲ್ಡ್ ಆಫ್ ಮೈ ಟ್ರೇನ್ ಟಿಕೆಟ್' ಅನ್ನುವುದು ತಿಂಗಳಿಗೊಮ್ಮೆಯಾದರೂ ಕಿವಿಗೆ ಬೀಳುತ್ತದೆ.

ಕಾಲ್ ಅಂದ ತಕ್ಷಣ ಅವರ ತಲೆಯಲ್ಲಿ ಫೋನ್ ಬರುತ್ತದೆ. 'ಮದುವೆ ಕಾಲ್ ಆಫ್ ಆಯಿತು ಅಂದರೆ ಫೋನಿನಲ್ಲಿ ಮುರಿದರಾ?' ಅಂತ ಒಬ್ಬರು ಕೇಳಿದ್ದರು. ಇಲ್ಲಿ ಕಾಲ್ ಅಂದರೆ ಕೂಗಿ ಕರೆಯುವುದು. ಬೆನ್ನಟ್ಟಿ ಹೋದ ಬೇಟೆನಾಯಿಯನ್ನು ವಾಪಸ್ ಕರೆಯುವ ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ, ಅರ್ಥ ಕೂತುಬಿಡುತ್ತದೆ. ಇಂಗ್ಲಿಷಿನವರು 'ಕಾಲ್ ಆಫ್ ದ ಡಾಗ್ಸ್' ಅಂತ ಇಂದಿಗೂ ಅನ್ನುತ್ತಾರೆ. ಹೊರಟದ್ದನ್ನು ಹಿಂದಕ್ಕೆ ಕರೆಸಿಕೊಳ್ಳುವುದು ಅಂತ ಅರ್ಥ. ಹಾಗಾಗಿ ಕರೆಸಿಕೊಳ್ಳುವ ಅಧಿಕಾರ ಇದ್ದವರಿಗೆ ಮಾತ್ರ ಈ ಪದ ಒಪ್ಪುತ್ತದೆ. ಬಾಸ್ ಮೀಟಿಂಗನ್ನು ಕಾಲ್ ಆಫ್ ಮಾಡಬಹುದು. ಅದಕ್ಕೆ ಕರೆಸಿಕೊಂಡ ನೀವು ಮಾಡಲಾಗುವುದಿಲ್ಲ.

ಒಂದು ಗೊಂದಲ ಇದೆ, ಹೇಳಿಬಿಡುತ್ತೇನೆ. ಅಮೆರಿಕದ ಕೆಲವು ಭಾಗಗಳಲ್ಲಿ 'ಐ ಕಾಲ್ಡ್ ಆಫ್ ಟುಡೇ' ಅಂದರೆ ಫೋನ್ ಮಾಡಿ ಕೆಲಸಕ್ಕೆ ರಜೆ ಹಾಕಿದೆ ಅಂತಲೇ ಅರ್ಥ. ಅಲ್ಲಿ ಫೋನು ನಿಜಕ್ಕೂ ಬಂತು.

'ಕಾಲ್ ಆಫ್ ಇಟ್' ಯಾಕೆ ತಪ್ಪು? ಇದನ್ನು ಹೇಗೆ ವಿವರಿಸಲಿ?

ನಿಯಮ ಸಣ್ಣದು. 'ಕಾಲ್ ಆಫ್ ದ ಟ್ರಿಪ್' ಸರಿ, 'ಕಾಲ್ ದ ಟ್ರಿಪ್ ಆಫ್' ಕೂಡ ಸರಿ. ಆದರೆ ಇಟ್, ದೆಮ್ ಬಂದರೆ ನಡುವೆಯೇ ಕೂರಬೇಕು: 'ಕಾಲ್ ಇಟ್ ಆಫ್.' ಪುಟ್ ಇಟ್ ಆಫ್ ಕೂಡ ಹಾಗೇ.

ನಾವು ಕನ್ನಡಿಗರಿಗೆ ಇದು ವಿಚಿತ್ರ. ಚೀನಿಯರಿಗೆ ವಿಚಿತ್ರವಲ್ಲ, ಅದು ಅವರಿಗೇ ಗೊತ್ತಿರುವುದಿಲ್ಲ! ಅವರ ಭಾಷೆಯಲ್ಲಿ 'ಲಿ-ಹ-ತ್ಸ' ಅನ್ನುವ ಪದಗಳ ಗುಂಪೇ ಇದೆ. ಬಿಟ್ಟು-ಸೇರುವ ಪದಗಳು ಅಂತ ಅರ್ಥ. 'ಜ್ಯೆನ್-ಮ್ಯೆನ್' ಅಂದರೆ ಭೇಟಿಯಾಗು. ಒಂದು ಸಲ ಭೇಟಿಯಾಗು ಅನ್ನಬೇಕಾದರೆ ಪದವನ್ನು ಸೀಳಿ ನಡುವೆ 'ಯಿ', ಅಂದರೆ ಒಂದು, ಅದನ್ನು ತುರುಕುತ್ತಾರೆ: 'ಜ್ಯೆನ್ ಯಿ ಮ್ಯೆನ್.' ಪಾರಿವಾಳದ ನುಡಿಗಟ್ಟು ಕೆಳಗೆ ಬರುತ್ತದೆ, ಅದರಲ್ಲೂ ಮೋಸಹೋದವರು ನಡುವೆಯೇ ಕೂರುತ್ತಾರೆ. 'ನಿಮ್ಮ ಭಾಷೆಯಲ್ಲಿ ದಿನಾ ಮಾಡುವುದನ್ನೇ ಇಲ್ಲೂ ಮಾಡಿ' ಅಂದರೆ ಮುಖ ಅರಳುತ್ತದೆ. ಇಂಗ್ಲಿಷ್ ಪುಸ್ತಕದ ವಿವರಣೆಗಿಂತ ಇದೇ ಬೇಗ ಹತ್ತುತ್ತದೆ, ನನ್ನ ಅನುಭವದಲ್ಲಿ.

'ದ ಮೀಟಿಂಗ್ ಕ್ಯಾನ್ಸಲ್ಡ್' ಅಂತ ಬರೆಯುತ್ತಲೇ ಇರುತ್ತಾರೆ. ತಿದ್ದಿ ತಿದ್ದಿ ಸಾಕಾಯಿತು. ಏನು ಮಾಡಲಿ?

ಚೀನೀ ವಾಕ್ಯದಲ್ಲಿ ಮೊದಲು ವಿಷಯ, ಆಮೇಲೆ ಅದರ ಸುದ್ದಿ. ಮೀಟಿಂಗ್, ರದ್ದಾಯ್ತು. ಯಾರು ರದ್ದು ಮಾಡಿದರು ಅಂತ ಹೇಳಬೇಕಿಲ್ಲ. ಕ್ರಿಯಾಪದದ ರೂಪವೂ ಬದಲಾಗುವುದಿಲ್ಲ. 'ಬೇಯ್' ಅನ್ನುವ ಕರ್ಮಣಿ ಗುರುತು ಇದೆ, ನಿಜ. ಆದರೆ ಹೀಗೆ ಸುಮ್ನೆ ಸುದ್ದಿ ಹೇಳುವಾಗ ಅದು ಬೇಕಾಗುವುದಿಲ್ಲ. ಇಂಗ್ಲಿಷಿಗೆ ಬಂದಾಗ ಆ 'ವಾಸ್' ಎಲ್ಲಿಂದ ಬರಬೇಕು, ಪಾಪ?

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ನಮ್ಮಲ್ಲಿ ಮೀಟಿಂಗ್ ಕ್ಯಾನ್ಸಲ್ 'ಆಯಿತು', ಬಾಸ್ ಕ್ಯಾನ್ಸಲ್ 'ಮಾಡಿದರು'. ಆಗು, ಮಾಡು ಅಂತ ಎರಡು ಕೈ ಇರುವುದರಿಂದ ನಮಗೆ ವ್ಯತ್ಯಾಸ ಒಳಗಿಂದಲೇ ಗೊತ್ತು. ನಾನು ಬೋರ್ಡಿನ ಮೇಲೆ ಕೇಳುವುದು ಒಂದೇ: ಮೀಟಿಂಗಿಗೆ ಕೈಕಾಲು ಇದೆಯಾ? ತನ್ನನ್ನು ತಾನೇ ರದ್ದು ಮಾಡಿಕೊಳ್ಳುತ್ತದಾ? ಇಲ್ಲ ಅಂದರೆ ವಾಸ್ ಹಾಕಿ, ಅಥವಾ ಹ್ಯಾಸ್ ಬೀನ್ ಹಾಕಿ. ಹೊಸ ಸುದ್ದಿ ಮುಟ್ಟಿಸುವ ಮೆಸೇಜಿಗೆ 'ಹ್ಯಾಸ್ ಬೀನ್ ಕ್ಯಾನ್ಸಲ್ಡ್' ಚೆನ್ನ.

ಒಂದು ಎಚ್ಚರಿಕೆ. ವಿಮಾನ ನಿಲ್ದಾಣದ ಬೋರ್ಡಿನಲ್ಲಿ, ಪತ್ರಿಕೆಯ ತಲೆಬರಹದಲ್ಲಿ 'ಫ್ಲೈಟ್ ಕ್ಯಾನ್ಸಲ್ಡ್' ಅಂತಲೇ ಇರುತ್ತದೆ. ಅದರ ಫೋಟೊ ತಂದು ನಿಮಗೇ ತೋರಿಸುತ್ತಾರೆ, ಉತ್ತರ ರೆಡಿ ಇಟ್ಟುಕೊಳ್ಳಿ.

ಪೋಸ್ಟ್‌ಪೋನ್, ಪುಟ್ ಆಫ್, ಡಿಲೇ, ಸಸ್ಪೆಂಡ್. ಎಲ್ಲವೂ ತಡವೇ ಅಲ್ಲವೇ?

ಅಲ್ಲ. ವಿಮಾನ ಎರಡು ಗಂಟೆ ತಡ ಅಂದರೆ ಡಿಲೇ. ಇವತ್ತೇ ಹೋಗುತ್ತದೆ, ನಿಧಾನ ಅಷ್ಟೆ. ಚೀನಿಯರು ಇದಕ್ಕೆ 'ಯೆನ್-ವು' ಅನ್ನುತ್ತಾರೆ. ತಿಳಿದು ತಿಳಿದು ಇನ್ನೊಂದು ದಿನಕ್ಕೆ ಇಟ್ಟರೆ ಪೋಸ್ಟ್‌ಪೋನ್. ಅದನ್ನೇ ಮಾತಿನಲ್ಲಿ ಪುಟ್ ಆಫ್ ಅನ್ನುವುದು. ನಡೆಯುತ್ತಿದ್ದದ್ದನ್ನು ಸದ್ಯಕ್ಕೆ ನಿಲ್ಲಿಸಿದರೆ ಸಸ್ಪೆಂಡ್.

ಚೀನೀ ವಿದ್ಯಾರ್ಥಿಗಳಿಗೆ ಅವರ ಮನೆಯ ಉದಾಹರಣೆ ಕೊಡಿ, ಮರೆಯುವುದಿಲ್ಲ. ಹಾಂಗ್‌ಜೌ ಏಷ್ಯನ್ ಗೇಮ್ಸ್ 2022ರ ಸೆಪ್ಟೆಂಬರ್‌ನಲ್ಲಿ ನಡೆಯಬೇಕಿತ್ತು. ಕೋವಿಡ್ ಕಾರಣಕ್ಕೆ ಪೋಸ್ಟ್‌ಪೋನ್ ಆಗಿ 2023ರ ಸೆಪ್ಟೆಂಬರ್ 23ಕ್ಕೆ ಶುರುವಾಯಿತು. ಹೆಸರಿನಲ್ಲಿ ಮಾತ್ರ 2022 ಹಾಗೇ ಉಳಿಯಿತು. ಚೆಂಗ್ಡುವಿನ ವಿಶ್ವವಿದ್ಯಾಲಯ ಕ್ರೀಡಾಕೂಟ 2021ರದ್ದು, ನಡೆದದ್ದು 2023ರಲ್ಲಿ. ನಾನ್‌ಜಿಂಗ್‌ನ ವಿಶ್ವ ಒಳಾಂಗಣ ಅಥ್ಲೆಟಿಕ್ಸ್ ಕತೆ ಇನ್ನೂ ಉದ್ದ. 2020ಕ್ಕೆ ಇದ್ದದ್ದು 2021ಕ್ಕೆ ಹೋಯಿತು, ಅಲ್ಲಿಂದ 2023ಕ್ಕೆ ಹೋಯಿತು, ಕೊನೆಗೂ ನಡೆದದ್ದು 2025ರ ಮಾರ್ಚ್‌ನಲ್ಲಿ. ಇಷ್ಟು ಸಲ ತಳ್ಳಿದರೂ ಅದು ಪೋಸ್ಟ್‌ಪೋನ್ ಆಗಿಯೇ ಉಳಿಯಿತು, ಯಾಕೆಂದರೆ ಮುಂದೊಂದು ದಿನ ಇತ್ತು.

ಶಾಂಘೈನ ಫಾರ್ಮುಲಾ ಒನ್ ರೇಸಿನಲ್ಲಿ ಎರಡೂ ಪದ ಸಿಗುತ್ತವೆ. 2020ರ ಏಪ್ರಿಲ್ ರೇಸನ್ನು ಮೊದಲು ಪೋಸ್ಟ್‌ಪೋನ್ ಅಂದರು. ಆ ವರ್ಷ ಅದು ನಡೆಯಲೇ ಇಲ್ಲ. 2023ರದ್ದನ್ನು ನೇರವಾಗಿ ಕ್ಯಾನ್ಸಲ್ ಅಂದರು. ರೇಸು ಶಾಂಘೈಗೆ ಮರಳಿದ್ದು 2024ರ ಏಪ್ರಿಲ್‌ನಲ್ಲಿ.

ಸಸ್ಪೆಂಡ್‌ಗೆ ಹಾಂಗ್‌ಕಾಂಗ್ ಸಾಕು. ಅಲ್ಲಿ ಚಂಡಮಾರುತದ 8ನೇ ನಂಬರ್ ಸಿಗ್ನಲ್ ಏರಿತು ಅಂದರೆ ಶಾಲೆಗಳಲ್ಲಿ 'ಕ್ಲಾಸಸ್ ಸಸ್ಪೆಂಡೆಡ್'. ಬಹುಪಾಲು ಆಫೀಸುಗಳೂ ಜನರನ್ನು ಮನೆಗೆ ಕಳಿಸುತ್ತವೆ. ಅಲ್ಲಿನ ಷೇರುಪೇಟೆ ಕೂಡ ಮೊದಲು ಬಾಗಿಲು ಹಾಕುತ್ತಿತ್ತು, 2024ರ ಸೆಪ್ಟೆಂಬರ್ 23ರಿಂದ ಗಾಳಿ ಬಂದರೂ ವ್ಯಾಪಾರ ನಿಲ್ಲುವುದಿಲ್ಲ. ನಮ್ಮ ಮಲೆನಾಡು, ಕರಾವಳಿಯಲ್ಲಿ ಜೋರು ಮಳೆಗೆ ಡಿಸಿ ರಜೆ ಘೋಷಿಸುತ್ತಾರಲ್ಲ, ಅದೇ ಬಗೆ.

ಅಂದ ಹಾಗೆ, ಪೋಸ್ಟ್‌ಪೋನ್, ಪುಟ್ ಆಫ್ ಆದಮೇಲೆ 'ಗೋಯಿಂಗ್' ಬರಬೇಕು, 'ಟು ಗೋ' ಅಲ್ಲ. ಇದಕ್ಕೆ ಕಾರಣ ಕೇಳಬೇಡಿ, ಬಾಯಿಪಾಠ ಮಾಡಿಸಿ.

ಮೀಟಿಂಗನ್ನು 'ಫಾರ್ವರ್ಡ್' ಮಾಡೋಣ ಅಂದೆ. ಚೀನೀ ಸಹೋದ್ಯೋಗಿ ಎರಡು ದಿನ ಮೊದಲೇ ಬಂದು ಕೂತ. ತಪ್ಪು ಯಾರದ್ದು?

ಕ್ಷಮಿಸಿ, ನಿಮ್ಮದೇ. ಆದರೆ ಈ ತಪ್ಪು ಬಹಳ ಸೊಗಸಾದದ್ದು, ಸ್ವಲ್ಪ ಉದ್ದ ಬರೆಯುತ್ತೇನೆ.

ಕನ್ನಡದಲ್ಲಿ ತಡ ಮಾಡುವುದಕ್ಕೆ ಏನಂತೀವಿ? ಮುಂದೂಡು, ಮುಂದಕ್ಕೆ ಹಾಕು. ನಮಗೆ ನಾಳೆ ಅನ್ನುವುದು ಮುಂದೆ ಇದೆ. ಮುಂದಿನ ವಾರ, ಮುಂದಿನ ವರ್ಷ. ಹೋದದ್ದು ಹಿಂದೆ ಇದೆ.

ಚೀನೀ ಭಾಷೆಯಲ್ಲಿ ಇದು ತಿರುವುಮುರುವು. 'ಚ್ಯೆನ್' ಅಂದರೆ ಮುಂಭಾಗ, 'ಹೋ' ಅಂದರೆ ಹಿಂಭಾಗ. 'ಚ್ಯೆನ್-ತ್ಯೆನ್', ಅಂದರೆ ಮುಂದಿನ-ದಿನ, ಅದು ಅವರಿಗೆ ಮೊನ್ನೆ! 'ಹೋ-ತ್ಯೆನ್', ಹಿಂದಿನ-ದಿನ, ಅದು ನಾಡಿದ್ದು. ತಡ ಮಾಡುವುದಕ್ಕೆ 'ತುಯ್-ಹೋ', ಹಿಂದಕ್ಕೆ ತಳ್ಳು. ಬೇಗ ಮಾಡುವುದಕ್ಕೆ 'ತಿ-ಚ್ಯೆನ್', ಮುಂದಕ್ಕೆ ಎತ್ತು. ಸಾಲಿನಲ್ಲಿ ನಿಂತವರನ್ನು ನೆನೆಸಿಕೊಳ್ಳಿ. ಮುಂದೆ ಇರುವವನ ಸರದಿ ಮೊದಲು ಬರುತ್ತದೆ. ಅವರ ಲೆಕ್ಕ ಅದು. ಇದು ಸಾಲದು ಅಂತ ವಾರ, ತಿಂಗಳಿಗೆ ಮೇಲೆ-ಕೆಳಗೆ ಬೇರೆ ಇದೆ. ಹೋದ ವಾರ 'ಮೇಲಿನ ವಾರ', ಬರುವ ವಾರ 'ಕೆಳಗಿನ ವಾರ'.

ಇಂಗ್ಲಿಷಿನಲ್ಲಿ 'ಪುಷ್ ಬ್ಯಾಕ್' ಅಂದರೆ ತಡ ಮಾಡು, 'ಬ್ರಿಂಗ್ ಫಾರ್ವರ್ಡ್' ಅಂದರೆ ಬೇಗ ಮಾಡು. ಅಂದರೆ ಚೀನೀ ಲೆಕ್ಕಕ್ಕೆ ನೇರ ಹೊಂದುತ್ತದೆ, ನಮ್ಮ ಲೆಕ್ಕಕ್ಕೆ ಉಲ್ಟಾ. ನೀವು ಮುಂದೂಡು ಅನ್ನುವುದನ್ನೇ ಮನಸ್ಸಿನಲ್ಲಿಟ್ಟುಕೊಂಡು ಫಾರ್ವರ್ಡ್ ಅಂದಿರಿ. ಅವನು ತಿ-ಚ್ಯೆನ್ ಅಂತ ಕೇಳಿಸಿಕೊಂಡ. ಇಬ್ಬರೂ ಇಂಗ್ಲಿಷೇ ಮಾತಾಡಿದ್ದೀರಿ ಅನ್ನುವುದು ತಮಾಷೆ.

ಹಾಗಂತ ಇಂಗ್ಲಿಷ್ ಹುಟ್ಟುಭಾಷೆಯವರು ಸರಿಯಾಗಿದ್ದಾರೆ ಅಂದುಕೊಳ್ಳಬೇಡಿ. 'ಬುಧವಾರದ ಮೀಟಿಂಗನ್ನು ಎರಡು ದಿನ ಮೂವ್ ಫಾರ್ವರ್ಡ್ ಮಾಡಿದ್ದಾರೆ, ಈಗ ಯಾವ ದಿನ?' ಅಂತ ಲೆರಾ ಬೊರೊಡಿಟ್ಸ್ಕಿಯಂಥ ಮನಶ್ಶಾಸ್ತ್ರಜ್ಞರು ಅವರನ್ನೇ ಕೇಳಿ ನೋಡಿದ್ದಾರೆ. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ನಮ್ಮಲ್ಲೂ ಪೂರ್ತಿ ಅಚ್ಚುಕಟ್ಟು ಇಲ್ಲ. ಮುಂದೆ ಅಂದರೆ ಬರುವುದು, ಆದರೆ ಮುಂಚೆ ಅಂದರೆ ಆಗಿಹೋದದ್ದು. ಬೇರು ಒಂದೇ ಥರ ಕಾಣುತ್ತದೆ, ದಿಕ್ಕು ಬೇರೆ.

ನಾನು ಎಲ್ಲರಿಗೂ ಹೇಳುವುದು ಇಷ್ಟು. ಫಾರ್ವರ್ಡ್, ಬ್ಯಾಕ್ ಬಿಟ್ಟುಬಿಡಿ. 'ಮೂವ್ಡ್ ಟು ಫ್ರೈಡೇ' ಅಂತ ದಿನದ ಹೆಸರು ಬರೆಯಿರಿ.

ನಮ್ಮ 'ಪ್ರಿಪೋನ್' ಕಲಿಸಬಹುದೇ?

ಕಲಿಸಿದರೆ ಅವರಿಗೆ ಬಲು ಖುಷಿ, ತಿ-ಚ್ಯೆನ್‌ಗೆ ಹೇಳಿ ಮಾಡಿಸಿದ ಪದ. ಭಾರತದಲ್ಲಿ ಬಳಕೆ ಗಟ್ಟಿಯಾಗಿದೆ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಜಾಗ ಸಿಕ್ಕಿದೆ. ಆದರೆ ಭಾರತೀಯರಲ್ಲದವರ ಮುಂದೆ ಹೇಳಿದರೆ ಹುಬ್ಬು ಮೇಲೇರುವುದುಂಟು. ಬೆಂಗಳೂರಿನವರಿಗೆ ಮೇಲ್ ಬರೆಯುವಾಗ ಪ್ರಿಪೋನ್, ಅಮೆರಿಕದವರಿಗೆ ಮೂವ್ ಅಪ್, ಬ್ರಿಟಿಷರಿಗೆ ಬ್ರಿಂಗ್ ಫಾರ್ವರ್ಡ್.

ಗೆಳೆಯನನ್ನು ನೋಡಲು ಹೋಗುವುದನ್ನು 'ಅಪಾಯಿಂಟ್‌ಮೆಂಟ್' ಅನ್ನುತ್ತಾರೆ. ತಿದ್ದಬೇಕೇ?

ತಿದ್ದಿ. ಅಪಾಯಿಂಟ್‌ಮೆಂಟ್ ಡಾಕ್ಟರಿಗೆ, ಕಟಿಂಗ್ ಶಾಪಿಗೆ, ವೀಸಾ ಆಫೀಸಿಗೆ. ಗೆಳೆಯರ ಜೊತೆಗಾದರೆ 'ಪ್ಲ್ಯಾನ್ಸ್'. ಚೀನೀ ಭಾಷೆಯಲ್ಲಿ ಗೊತ್ತುಮಾಡಿಕೊಂಡ ಭೇಟಿಗೆಲ್ಲ 'ಯ್ವೆ' ಅನ್ನುವ ಒಂದೇ ಬೇರು. ನಿಘಂಟು ನೋಡಿದರೆ ಅಪಾಯಿಂಟ್‌ಮೆಂಟ್ ಸಿಗುತ್ತದೆ, ಇಲ್ಲವೇ ಡೇಟ್ ಸಿಗುತ್ತದೆ. ಡೇಟ್ ಅಂದರೆ ಗತಿ ಏನು ಅಂತ ನಿಮಗೇ ಗೊತ್ತು. ಮದುವೆಯಾದ ಒಬ್ಬ ವಿದ್ಯಾರ್ಥಿ 'ಬಾಸ್ ಜೊತೆ ಡೇಟ್ ಕ್ಯಾನ್ಸಲ್ ಮಾಡಬೇಕು' ಅಂತ ಬರೆದಿದ್ದರು. ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಬಹುವಚನವನ್ನೂ ಗಮನಿಸಿ. ಇವತ್ತು ಸಂಜೆ ಬೇರೆ ಕಡೆ ಹೋಗುವುದಿದೆ ಅನ್ನಲು 'ಐ ಹ್ಯಾವ್ ಪ್ಲ್ಯಾನ್ಸ್'. 'ಐ ಹ್ಯಾವ್ ಅ ಪ್ಲ್ಯಾನ್' ಅಂದರೆ ಬ್ಯಾಂಕ್ ದೋಚಲು ಹೊರಟ ಹಾಗೆ ಕೇಳಿಸುತ್ತದೆ.

'ಐ ಹ್ಯಾವ್ ಸಮ್‌ಥಿಂಗ್ ಟು ಡೂ' ಅಂತ ಒಂದೇ ಸಾಲು ಹಾಕಿ ಬರುವುದಿಲ್ಲ ಅನ್ನುತ್ತಾರೆ. ಇದು ಒರಟಲ್ಲವೇ?

ಅವರ ಮನಸ್ಸಿನಲ್ಲಿ ಒರಟಿಲ್ಲ. 'ವೊ ಯೋ ಶ' ಅಂತಾರೆ, ನನಗೆ ಕೆಲಸ ಇದೆ ಅಂತ ಅರ್ಥ. ಏನು ಕೆಲಸ ಅಂತ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ನಮ್ಮ 'ಸ್ವಲ್ಪ ಕೆಲಸ ಇದೆ ಮಾರಾಯ್ರೆ' ಇದ್ದ ಹಾಗೆ. ಆದರೆ ಇಂಗ್ಲಿಷಿಗೆ ಹಾಗೇ ಎತ್ತಿಟ್ಟರೆ 'ನಿನಗಿಂತ ಬೇರೆ ಕೆಲಸ ಇದೆ ಹೋಗು' ಅನ್ನುವ ಧ್ವನಿ ಬಂದುಬಿಡುತ್ತದೆ.

ಮದ್ದು ಸುಲಭ: 'ಸಮ್‌ಥಿಂಗ್ ಕೇಮ್ ಅಪ್.' ಏನೋ ಎದುರಾಯಿತು, ನಾನೇನು ಮಾಡಲಿ. ಇದೂ ಅಷ್ಟೇ ಗುಟ್ಟಾಗಿದೆ, ಕಾರಣ ಇಲ್ಲೂ ಹೇಳಿಲ್ಲ. ಆದರೆ ತಪ್ಪು ವಿಧಿಯ ಮೇಲೆ ಹೋಯಿತು. ಇಂಗ್ಲಿಷಿನ ಸಭ್ಯತೆ ಎಷ್ಟೋ ಸಲ ಇಷ್ಟೇ.

ಇದರ ಅಕ್ಕ 'ಐ ಆಮ್ ನಾಟ್ ಕನ್ವೀನಿಯೆಂಟ್ ಟುಮಾರೊ'. ಚೀನಿಯರ 'ಬು ಫಾಂಗ್-ಬ್ಯೆನ್' ಮನುಷ್ಯರಿಗೂ ಬರುತ್ತದೆ. ಇಂಗ್ಲಿಷಿನ ಕನ್ವೀನಿಯೆಂಟ್ ಸಮಯಕ್ಕೆ, ಜಾಗಕ್ಕೆ ಬರುತ್ತದೆ, ಮನುಷ್ಯರಿಗೆ ಬರುವುದಿಲ್ಲ. 'ಟುಮಾರೊ ಡಸಂಟ್ ವರ್ಕ್ ಫಾರ್ ಮಿ' ಅನ್ನಿಸಿ.

ಪಾರಿವಾಳ ಬಿಟ್ಟ ಅಂತಾರೆ. ಹಾಗಂದರೇನು? ಇಂಗ್ಲಿಷಿನಲ್ಲಿ ಏನು ಹೇಳಿಸಲಿ?

'ಫಾಂಗ್ ಗ-ಜ಼'. ಪಾರಿವಾಳ ಹಾರಿಬಿಡುವುದು. ಬರುತ್ತೇನೆ ಅಂತ ಹೇಳಿ ಬಾರದೆ ಇದ್ದವನು ಪಾರಿವಾಳ ಬಿಟ್ಟ ಅಂತ ಲೆಕ್ಕ. 'ಫಾಂಗ್ ವೊ ಗ-ಜ಼' ಅಂದರೆ ನನಗೆ ಕೈ ಕೊಟ್ಟ. 'ವೊ' ಅಂದರೆ ನಾನು, ನೋಡಿ, ನಡುವೆ ಕೂತಿದ್ದೇನೆ. ಇದರ ಹುಟ್ಟಿಗೆ ಹಲವು ಕತೆಗಳಿವೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತೈವಾನಿನವರು ಪಾರಿವಾಳದ ಬದಲು ಬರೀ ಹಕ್ಕಿ ಬಿಡುತ್ತಾರೆ. ಹಾಂಗ್‌ಕಾಂಗ್‌ನ ಕ್ಯಾಂಟನೀಸ್‌ನಲ್ಲಿ ವಿಮಾನವನ್ನೇ ಬಿಡುತ್ತಾರೆ! ಒಟ್ಟಿನಲ್ಲಿ ಮಾತು ಕೊಟ್ಟವನು ಹಾರಿಹೋದ.

ಈಗ ಅಂತರ್ಜಾಲದಲ್ಲಿ ಪಾರಿವಾಳವೇ ಕ್ರಿಯಾಪದ ಆಗಿದೆ. ಹೇಳಿದ ದಿನಕ್ಕೆ ವಿಡಿಯೊ ಹಾಕದ, ಮುಂದಿನ ಕಂತು ಬರೆಯದ ಮಂದಿಗೆ 'ಗೂ ಗೂ ಗೂ' ಅಂತ ಪಾರಿವಾಳದ ಕೂಗನ್ನೇ ಕಾಮೆಂಟ್ ಹಾಕುತ್ತಾರೆ.

ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಟ್ಯಾಂಡ್ ಸಮ್‌ಒನ್ ಅಪ್'. 'ಹಿ ಸ್ಟುಡ್ ಮಿ ಅಪ್.' ಇಲ್ಲಿ ಮಿ ಬಿಟ್ಟುಹೋದರೆ ಕತೆ ಮುಗಿಯಿತು: ಅವನು ಎದ್ದು ನಿಂತ, ಅಷ್ಟೆ. 'ಐ ವಾಸ್ ಸ್ಟುಡ್ ಅಪ್' ಅಂದರೆ ನನಗೆ ಕೈ ಕೊಟ್ಟರು, 'ಐ ಸ್ಟುಡ್ ಅಪ್' ಅಂದರೆ ನಾನು ಎದ್ದೆ. ಒಂದು ವಾಸ್‌ನಲ್ಲಿ ಮರ್ಯಾದೆ ಇದೆ. ಸಾಮಾನ್ಯವಾಗಿ ಪ್ರೀತಿ ಪ್ರೇಮದ ಭೇಟಿಗೆ ಈ ಮಾತು ಜಾಸ್ತಿ, ಗೆಳೆಯರಿಗೂ ನಡೆಯುತ್ತದೆ. ಡೆಂಟಿಸ್ಟಿಗೆ, ಹೋಟೆಲಿಗೆ ಹೋಗದೆ ಇದ್ದರೆ ನೀವು ನೋ-ಶೋ.

ನಮ್ಮ 'ಕೈ ಕೊಟ್ಟ' ಕೂಡ ಇವರಿಗೆ ಹೇಳಿ ನೋಡಿ. ಕೈ ಕೊಡುವುದು ಸಹಾಯ ಅಲ್ಲವೇ ಅಂತ ಕೇಳುತ್ತಾರೆ. ನನ್ನ ಬಳಿ ಉತ್ತರ ಇರಲಿಲ್ಲ.

ಬೇಲ್, ಫ್ಲೇಕ್, ಘೋಸ್ಟ್: ಇವುಗಳನ್ನು ಆಫೀಸಿನಲ್ಲಿ ಬಳಸಬಹುದೇ?

ಬೇಡ. ಮೂರೂ ಗೆಳೆಯರ ಮಾತು. ಬೇಲ್ ಅಂದರೆ ಕೊನೇ ಗಳಿಗೆಯಲ್ಲಿ ಜಾರಿಕೊಳ್ಳುವುದು. ಫ್ಲೇಕ್ ಕೂಡ ಅದೇ, ಆದರೆ ಸ್ವಭಾವವನ್ನೇ ಬೈದ ಹಾಗೆ. ಫ್ಲೇಕಿ ಅಂದರೆ ನಂಬುವ ಹಾಗಿಲ್ಲದ ಆಸಾಮಿ. ಘೋಸ್ಟ್ ಅಂದರೆ ಮೆಸೇಜಿಗೆ ಉತ್ತರವೇ ಕೊಡದೆ ಮಾಯವಾಗುವುದು.

ಪದಕ್ಕಿಂತ 'ಆನ್' ಮುಖ್ಯ. 'ಬೇಲ್ಡ್ ಆನ್ ಮಿ', 'ಫ್ಲೇಕ್ಡ್ ಆನ್ ಮಿ', 'ಕ್ಯಾನ್ಸಲ್ಡ್ ಆನ್ ಮಿ'. ಅನುಭವಿಸಿದವರು ಯಾರು ಅಂತ ಆ ಆನ್ ತೋರಿಸುತ್ತದೆ. ಕನ್ನಡದಲ್ಲಿ 'ನನಗೆ ಕೈ ಕೊಟ್ಟ' ಅನ್ನುವಾಗಿನ 'ಗೆ' ಇದ್ದ ಹಾಗೆ. ಘೋಸ್ಟ್‌ಗೆ ಮಾತ್ರ ಆನ್ ಬೇಡ, 'ಹಿ ಘೋಸ್ಟೆಡ್ ಮಿ'.

'ರೈನ್ ಚೆಕ್' ಅಂದರೆ ನಿಜವಾಗಿ ಬರುತ್ತೇನೆ ಅಂತಲೋ, ಬರುವುದಿಲ್ಲ ಅಂತಲೋ?

ಹುಟ್ಟಿದ್ದು ಅಮೆರಿಕದ ಬೇಸ್‌ಬಾಲ್ ಮೈದಾನದಲ್ಲಿ, 19ನೇ ಶತಮಾನದ ಕೊನೆಗೆ. ಮಳೆಯಿಂದ ಆಟ ನಿಂತರೆ ಟಿಕೆಟಿನ ತುಂಡು ತೋರಿಸಿ ಇನ್ನೊಂದು ದಿನ ಬಂದು ನೋಡಬಹುದಿತ್ತು. ಅಂದರೆ ಮೊದಲಿಗೆ ಅದು ಗಟ್ಟಿ ಮಾತು, ಕೈಯಲ್ಲಿ ಚೀಟಿ ಇತ್ತು. ಇವತ್ತು 'ಕೆನ್ ಐ ಟೇಕ್ ಅ ರೈನ್ ಚೆಕ್?' ಅಂದರೆ ಸದ್ಯ ಆಗಲ್ಲ, ಇನ್ನೊಮ್ಮೆ ಕರೆಯಿರಿ ಅಂತ. ಬ್ರಿಟಿಷರಿಗೂ ಅರ್ಥವಾಗುತ್ತದೆ.

ಚೀನೀ ನಿಘಂಟುಗಳು ಇದಕ್ಕೆ 'ಗೈ-ತ್ಯೆನ್' ಅಂತ ಕೊಡುತ್ತವೆ, ಬೇರೆ ದಿನ ಅಂತ ಅರ್ಥ. ಇಲ್ಲಿ ಹುಷಾರು. 'ಗೈ-ತ್ಯೆನ್ ನಿಮಗೆ ಊಟ ಹಾಕಿಸುತ್ತೇನೆ' ಅನ್ನುವುದು ಎಷ್ಟೋ ಸಲ ಬರೀ ಬೀಳ್ಕೊಡುವ ಮಾತು. ಆ ಬೇರೆ ದಿನ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಆ ನಾಳೆ ಇದು. ಬಿಲಿಬಿಲಿ ಅನ್ನುವ ಚೀನೀ ವಿಡಿಯೊ ತಾಣ ನೋಡುವ ಹುಡುಗರು 'ಶ್ಯಾ-ತ್ಸ ಯಿ-ಡಿಂಗ್' ಅಂತ ಇದನ್ನೇ ತಮಾಷೆ ಮಾಡುತ್ತಾರೆ. ಮುಂದಿನ ಸಲ ಖಂಡಿತ, ಅಂದರೆ ಖಂಡಿತ ಇಲ್ಲ.

ಹಾಗಾಗಿ ಬರುವ ಮನಸ್ಸು ನಿಜಕ್ಕೂ ಇದ್ದರೆ ರೈನ್ ಚೆಕ್ ಜೊತೆಗೆ ಒಂದು ದಿನ ಹೇಳಿ ಅಂತ ಕಲಿಸುತ್ತೇನೆ. 'ಹೌ ಅಬೌಟ್ ಥರ್ಸ್‌ಡೇ?' ಈ ಮೂರು ಪದ ಇದ್ದರೆ ನಂಬುತ್ತಾರೆ.

ಯಾರ ತಪ್ಪೂ ಇಲ್ಲದೆ ಪ್ಲ್ಯಾನ್ ಬಿದ್ದುಹೋದರೆ?

'ಫೆಲ್ ಥ್ರೂ'. ನಮ್ಮಲ್ಲಿ ನೆಗೆದು ಬಿತ್ತು, ಮಕಾಡೆ ಮಲಗಿತು. ಚೀನಿಯರು 'ಪಾವ್ ತಾಂಗ್' ಅನ್ನುತ್ತಾರೆ, ಸಾರಿನಲ್ಲಿ ನೆನೆಯಿತು! 'ಹ್ವಾಂಗ್ ಲ' ಅಂತಲೂ ಇದೆ, ಹಳದಿ ಆಯಿತು. ಇಲ್ಲಿ ವಾಸ್ ಬೇಡ, 'ದ ಪ್ಲ್ಯಾನ್ ಫೆಲ್ ಥ್ರೂ' ಸಾಕು. ವಾಸ್ ಹಾಕಿ ಹಾಕಿ ಅಭ್ಯಾಸವಾದವರು ಇಲ್ಲೂ ಹಾಕುತ್ತಾರೆ, ಅದು ನಮ್ಮ ಪಾಠದ ಫಲವೇ. ಮಳೆಯಿಂದ ನಿಂತ ಆಟ ಅಮೆರಿಕದಲ್ಲಿ ರೇನ್ಡ್ ಔಟ್, ಬ್ರಿಟನ್ನಿನಲ್ಲಿ ರೇನ್ಡ್ ಆಫ್.

ಬ್ಯಾಕ್ ಔಟ್, ಪುಲ್ ಔಟ್?

ಕಾರ್ಯಕ್ರಮ ನಡೆಯುತ್ತದೆ, ನೀವು ಇರುವುದಿಲ್ಲ. ಅದೇ ಇವೆರಡರ ಗುರುತು.

2008ರ ಆಗಸ್ಟ್ 18. ಬೀಜಿಂಗ್‌ನ ಪಕ್ಷಿಗೂಡು ಕ್ರೀಡಾಂಗಣ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಚೀನಾದ ಓಟಗಾರ ಲಿಯು ಶಿಯಾಂಗ್ 110 ಮೀಟರ್ ಹರ್ಡಲ್ಸ್‌ಗೆ ಇಳಿದ. ಇಡೀ ಚೀನಾ ಅವನಿಗಾಗಿ ಕಾಯುತ್ತಿತ್ತು. ಕಾಲಿನ ನೋವಿಗೆ ಓಡದೆ ಹೊರನಡೆದ. ಅಂದರೆ ಲಿಯು 'ಪುಲ್ಡ್ ಔಟ್'. ರೇಸು 'ಕಾಲ್ಡ್ ಆಫ್' ಆಗಲಿಲ್ಲ, ಉಳಿದವರು ಓಡಿದರು. ಮೂವತ್ತು ದಾಟಿದ ಯಾವ ಚೀನೀ ವಿದ್ಯಾರ್ಥಿಗೂ ಇದನ್ನು ಎರಡು ಸಲ ಹೇಳಬೇಕಾಗಿ ಬಂದಿಲ್ಲ.

ಬ್ಯಾಕ್ ಔಟ್‌ನಲ್ಲಿ ಮಾತು ತಪ್ಪಿದ ವಾಸನೆ ಇದೆ, ಗಾಯಗೊಂಡವರಿಗೆ ಬಳಸಬೇಡಿ. ಭಯಕ್ಕೆ ಹಿಂಜರಿದರೆ 'ಗಾಟ್ ಕೋಲ್ಡ್ ಫೀಟ್'. ಮದುವೆಗೆ ಮುಂಚೆ ಇದು ಬಹಳ ಜನಕ್ಕೆ ಬರುತ್ತದೆ.

ಅಮೆರಿಕದ ಬಾಸ್ 'ಲೆಟ್ಸ್ ಟೇಬಲ್ ದಿಸ್' ಅಂದರು. ಟೇಬಲ್ ಮೇಲಿಟ್ಟರೋ, ತೆಗೆದರೋ?

ಅಮೆರಿಕದವರಾದರೆ ಸದ್ಯಕ್ಕೆ ಬದಿಗಿಟ್ಟರು. ಬ್ರಿಟಿಷರಾದರೆ ಈಗಲೇ ಚರ್ಚೆಗೆ ತಂದರು. ನೇರ ಉಲ್ಟಾ. ಎರಡನೇ ಮಹಾಯುದ್ಧದ ಕಾಲದ ಒಂದು ಸಭೆಯಲ್ಲಿ ಈ ಒಂದು ಪದಕ್ಕೆ ಎರಡೂ ಕಡೆಯವರು ಬಹಳ ಹೊತ್ತು ಜಗಳವಾಡಿದರು, ಆಮೇಲೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಅಂತ ಚರ್ಚಿಲ್ ಬರೆದಿದ್ದಾರೆ. ಶೆಲ್ವ್ ಅನ್ನಿ, ಅಟ್ಟಕ್ಕೆ ಹಾಕಿದ ಹಾಗೆ, ಎಲ್ಲರಿಗೂ ಒಂದೇ ಅರ್ಥ.

ಕ್ಯಾನ್ಸಲ್ಡ್‌ಗೆ 'ಎಲ್' ಒಂದೋ ಎರಡೋ?

ಅಮೆರಿಕದಲ್ಲಿ ಒಂದು, ಬ್ರಿಟನ್ನಿನಲ್ಲೂ ನಮ್ಮಲ್ಲೂ ಎರಡು. ಕ್ಯಾನ್ಸಲೇಶನ್‌ಗೆ ಎಲ್ಲ ಕಡೆಯೂ ಎರಡು.

ನಿಮ್ಮ ವಿದ್ಯಾರ್ಥಿಗಳು ನಿಮ್ಮ ಕ್ಲಾಸನ್ನೇ ತಪ್ಪಿಸುವಾಗ ಏನು ಬರೆಯುತ್ತಾರೆ?

ಶುರುವಿನಲ್ಲಿ 'ಟೀಚರ್, ಐ ಹ್ಯಾವ್ ಸಮ್‌ಥಿಂಗ್' ಅಂತ ಅರ್ಧ ವಾಕ್ಯ. ಮೂರು ತಿಂಗಳಾದ ಮೇಲೆ ಚೆಂಗ್ಡುವಿನ ಒಬ್ಬಾಕೆ ಬರೆದದ್ದು ಹೀಗಿತ್ತು: 'ಹಾಯ್ ಟೀಚರ್, ಸೋ ಸಾರಿ ಟು ಬೇಲ್ ಆನ್ ಯೂ, ಸಮ್‌ಥಿಂಗ್ ಕೇಮ್ ಅಪ್ ಅಟ್ ವರ್ಕ್. ಕೆನ್ ಐ ಟೇಕ್ ಅ ರೈನ್ ಚೆಕ್? ಹೌ ಅಬೌಟ್ ಥರ್ಸ್‌ಡೇ?' ಒಂದು ಅಕ್ಷರ ತಿದ್ದುವ ಹಾಗಿರಲಿಲ್ಲ. ಕೋಪ ಮಾಡಿಕೊಳ್ಳಲೂ ಆಗಲಿಲ್ಲ.

ಗುರುವಾರ ಲ್ಯಾಪ್‌ಟಾಪ್ ತೆರೆದು ಕಾಲು ಗಂಟೆ ಕಾದೆ. ಪರದೆಯ ಮೇಲೆ ನಾನೊಬ್ಬನೇ. ಆಮೇಲೆ ಮೊಬೈಲಿಗೆ ಒಂದೇ ಒಂದು ಮೆಸೇಜ್ ಬಂತು.

'ಗೂ ಗೂ ಗೂ.'